ಕಂಟ್ರೋಲ್ ಲೈನ್ ಮಾದರಿ ವಿಮಾನ

ಎರಡು ತೆಳು ಉಕ್ಕಿನ ತಂತಿಗಳ ತುದಿಯಲ್ಲಿ, ಹಾರಿಸುವವರ ಸುತ್ತ ವೃತ್ತಾಕಾರವಾಗಿ ಹಾರುವ ಎಂಜಿನ್ ಚಾಲಿತ ಮಾದರಿ ವಿಮಾನ. ಕೈಹಿಡಿಯನ್ನು ಓರೆ ಮಾಡಿದರೆ ತಂತಿಗಳು ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಯನ್ನು ತಿರುಗಿಸಿ ಬಾಲದ ಎಲಿವೇಟರನ್ನು ಏರಿಳಿಸುತ್ತವೆ, ರೇಡಿಯೊ ಬೇಕಿಲ್ಲ. ಅಮೆರಿಕದ ಜಿಮ್ ವಾಕರ್ 1940ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಬೆಂಗಳೂರಿನಲ್ಲಿ ಜಕ್ಕೂರು ಕೇಂದ್ರಿತ ಎನ್‌ಸಿಸಿ ವಾಯುದಳ ಇದರ ಒಂದು ಪಾಠಶಾಲೆ. ಏರೋಮಾಡೆಲಿಂಗ್ ಅಲ್ಲಿನ ಕೆಡೆಟ್‌ಗಳ ತರಬೇತಿಯ ಭಾಗ.

ರೆಕ್ಕೆಯ ಎಲುಬುಗಳು ಹಗುರವಾದ ಬಾಲ್ಸಾ ಮರದವು. ಹಳೆಯ ಮಾದರಿಯ ದುರಸ್ತಿಯಲ್ಲಿ ಹೆಚ್ಚು ತಾಳ್ಮೆ ಬೇಡುವುದು ಎಂಜಿನ್: ಇಂಧನದಲ್ಲಿದ್ದ ಹರಳೆಣ್ಣೆ ಅಂಟಾಗಿ ಪಿಸ್ಟನ್ ಹಿಡಿದಿರುತ್ತದೆ. ಬಲವಂತವಾಗಿ ತಿರುಗಿಸದೆ, ಹದವಾಗಿ ಬಿಸಿಮಾಡಿ ಬಿಡಿಸಬೇಕು.

ಹಾರಿಸಲು ಬೆಂಗಳೂರಿನ ಪೀಣ್ಯ, ವೈಟ್‌ಫೀಲ್ಡ್‌ಗಳಲ್ಲಿ ಬಯಲು ಸಿಕ್ಕರೂ ಮೊದಲು ತಲೆಯೆತ್ತಿ ನೋಡಿ. ವಿದ್ಯುತ್ ತಂತಿಯ ಬಳಿ ಎಂದೂ ಹಾರಿಸಬೇಡಿ.