ಟಿಳಕರ ಸಿಟ್ಟು



ಟಿಳಕರು ಯಾರು ಎಂದು ವರ್ಗದಲ್ಲಿ ಕೇಳಿದರೆ ನಮ್ಮ ಮಕ್ಕಳೆಲ್ಲ ಒಂದೇ ಉಸಿರಿಗೆ ಲೋಕಮಾನ್ಯರ ಹೆಸರು ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಕಾಲದಲ್ಲಿ ಇದೇ ಮಹಾರಾಷ್ಟ್ರದಲ್ಲಿ ಇನ್ನೊಬ್ಬ ಟಿಳಕರಿದ್ದರು. ಅವರು ರೆವರೆಂಡ್ ನಾರಾಯಣ ವಾಮನ ಟಿಳಕರು. ಮರಾಠಿ ಶಾಲೆಯ ಮಕ್ಕಳು ಅವರನ್ನು ಹೂಗಳ ಮತ್ತು ಮಕ್ಕಳ ಕವಿ ಎಂದು ಬಲ್ಲರು. ಹೂವಿನ ಮೇಲೆ, ಹಕ್ಕಿಯ ಮೇಲೆ ಅಷ್ಟು ಮೃದುವಾಗಿ ಬರೆದ ಈ ಮನುಷ್ಯ ಮನೆಯಲ್ಲಿ ಮಹಾ ಮುಂಗೋಪಿ! ಇದನ್ನು ವೈರಿಗಳು ಹೇಳಿದ್ದಲ್ಲ. ಸ್ವತಃ ಅವರ ಹೆಂಡತಿ ಲಕ್ಷ್ಮೀಬಾಯಿ ಬರೆದಿಟ್ಟಿದ್ದಾರೆ. ಅವರ ಆತ್ಮಕಥೆ 'ಸ್ಮೃತಿಚಿತ್ರೆ' 1934ರಿಂದ ಭಾಗ ಭಾಗವಾಗಿ ಪ್ರಕಟವಾಯಿತು.

ಈ ಕಥೆಗೂ ನಮ್ಮ ಸೊಲ್ಲಾಪುರ ಜಿಲ್ಲೆಗೂ ಒಂದು ನಂಟಿದೆ. ನಮ್ಮ ನಂದೇಶ್ವರದಿಂದ ಮಂಗಳವೇಢೆ ದಾಟಿ ಹೋದರೆ ಪಂಢರಪುರ. ಗಂಡ ಕ್ರೈಸ್ತನಾದ ಮೇಲೆ ಲಕ್ಷ್ಮೀಬಾಯಿ ದುಃಖದ ದಿನಗಳನ್ನು ಕಳೆದದ್ದು ಆ ಪಂಢರಪುರದಲ್ಲಿ, ಅಕ್ಕನ ಮನೆಯವರ ಆಶ್ರಯದಲ್ಲಿ. ಆಷಾಢ ವಾರಿಗೆ ಹೋಗಿ ಬರುವ ನಮ್ಮೂರ ಎಷ್ಟು ಜನರಿಗೆ ಇದು ಗೊತ್ತಿದೆಯೋ!

ನಾರಾಯಣರಾಯರು ಹುಟ್ಟಿದ್ದು 1861ರಲ್ಲಿ, ರತ್ನಾಗಿರಿ ಜಿಲ್ಲೆಯ ಕರಜಗಾವದಲ್ಲಿ, ಚಿತ್ಪಾವನ ಬ್ರಾಹ್ಮಣ ಮನೆತನದಲ್ಲಿ. ತಂದೆ ವಾಮನರಾಯರೂ ಕೋಪಿಷ್ಠರೇ. ಹೀಗಾಗಿ ಸಿಟ್ಟು ಮನೆಯಲ್ಲಿ ಮೊದಲೇ ಇತ್ತು ಎನ್ನಬೇಕು. ಲಕ್ಷ್ಮೀಬಾಯಿ ಆ ಮನೆಗೆ ಬಂದಾಗ ಇನ್ನೂ ಹನ್ನೊಂದರ ಆಸುಪಾಸಿನ ಹುಡುಗಿ. ತವರಿನಲ್ಲಿ ತಂದೆಯ ಅತಿರೇಕದ ಮಡಿ, ಇಲ್ಲಿ ಮಾವನ ಸಿಟ್ಟು, ಜೊತೆಗೆ ಗಂಡನ ಸಿಟ್ಟು. ಗಂಡನಿಗೆ ಇನ್ನೊಂದು ಚಾಳಿಯೂ ಇತ್ತು. ಮನಸ್ಸಿಗೆ ಬಂದಾಗ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿಬಿಡುವುದು! ಇಂದು ಇಲ್ಲಿ, ನಾಳೆ ಎಲ್ಲೋ. ಕೈಯಲ್ಲಿದ್ದ ಹಣವನ್ನು ದಾರಿಯಲ್ಲಿ ಸಿಕ್ಕವರಿಗೆ ಕೊಟ್ಟು ಬರಿಗೈಯಲ್ಲಿ ಬರುವ ದಾನಶೂರ.

1893ರಲ್ಲಿ ಟಿಳಕರು ಕೆಲಸ ಹುಡುಕಿಕೊಂಡು ನಾಗಪುರದಿಂದ ರಾಜನಾಂದಗಾವಕ್ಕೆ ರೈಲಿನಲ್ಲಿ ಹೊರಟಿದ್ದರು. ಡಬ್ಬಿಯಲ್ಲಿ ಒಬ್ಬ ಯುರೋಪಿಯನ್ ಪ್ರಯಾಣಿಕರು ಸಿಕ್ಕರು. ಮಾತು ಕಾವ್ಯದಿಂದ ಧರ್ಮಕ್ಕೆ ಹೊರಳಿತು. ಇಳಿಯುವಾಗ ಆ ಮನುಷ್ಯ ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟು, ಓದಿರಿ ಎಂದರು. ಓದುತ್ತ ಹೋದ ಟಿಳಕರು ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಪರ್ವತ ಪ್ರಸಂಗಕ್ಕೆ ಬಂದಾಗ ಪುಸ್ತಕ ಕೆಳಗಿಡಲಾರದೆ ಹೋದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟಿಳಕರನ್ನು ಹಿಡಿದು ನಿಲ್ಲಿಸಿದ ಆ ಪರ್ವತ ಪ್ರಸಂಗದಲ್ಲೇ ಸಿಟ್ಟಿನ ಮಾತು ಬರುತ್ತದೆ. ಹಳೆಯ ಧರ್ಮಶಾಸ್ತ್ರ ಕೊಲೆಯನ್ನು ನಿಷೇಧಿಸಿತ್ತು. ಯೇಸು ಅದರ ಬೇರಿಗೇ ಕೈ ಹಾಕಿ, ಸಹೋದರನ ಮೇಲೆ ಸಿಟ್ಟಾಗುವುದೂ ಬೈಯುವುದೂ ನ್ಯಾಯತೀರ್ಪಿಗೆ ಒಳಗಾಗುವ ಅಪರಾಧ ಎಂದರು. ನಮಗೆ ಇದು ಹೊಸತಲ್ಲ ಬಿಡಿ. ಮಂಗಳವೇಢೆಯ ನಂಟಿರುವ ನಮ್ಮ ಬಸವಣ್ಣನವರು ಏಳು 'ಬೇಡ'ಗಳನ್ನು ಹೇಳಿದ ವಚನದಲ್ಲಿ ಮುನಿಸನ್ನು ಕಳವು, ಕೊಲೆ, ಸುಳ್ಳುಗಳ ಪಕ್ಕದಲ್ಲೇ ಕೂಡಿಸಿದ್ದಾರೆ.

1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ಟಿಳಕರು ದೀಕ್ಷಾಸ್ನಾನ ಪಡೆದರು. ಮನೆಯವರಿಗೆ ಸಿಡಿಲು ಬಡಿದಂತಾಯಿತು. ಲಕ್ಷ್ಮೀಬಾಯಿಯ ಮಗ ದತ್ತು ಆಗ ಇನ್ನೂ ಚಿಕ್ಕ ಕೂಸು. ಗಂಡ ಬದುಕಿದ್ದಾನೆ, ಆದರೆ ಸಂಸಾರ ಇಲ್ಲ. ಆ ಕಾಲದ ಬ್ರಾಹ್ಮಣ ಹೆಣ್ಣುಮಗಳಿಗೆ ಇದು ಎಂಥ ಸ್ಥಿತಿ ಎಂದು ನೀವೇ ಊಹಿಸಿ. ಪಂಢರಪುರದ ಆ ದುಃಖದ ದಿನಗಳಲ್ಲೇ ಅವರಿಗೆ ಕವಿತೆ ಹುಟ್ಟಿತು.

ಇನ್ನು ಟಿಳಕರ ಕಡೆ ನೋಡಿ. ಆಗಿನ ಕಾಲದ ಗಂಡ, ಅದರಲ್ಲೂ ಮುಂಗೋಪಿ. 'ನಾನು ಹೇಳಿದ ಧರ್ಮಕ್ಕೆ ಬಾ, ಇಲ್ಲವಾದರೆ ನನ್ನ ನಿನ್ನ ಸಂಬಂಧ ಮುಗಿಯಿತು' ಎನ್ನುವುದು ಬಹಳ ಸುಲಭವಿತ್ತು. ಆದರೆ ಅವರು ಕಾದರು. ಪತ್ರ ಬರೆದರು, ಭೇಟಿಗೆ ಬಂದರು, ಮತ್ತೆ ಕಾದರು. ಕೆಲವು ವರ್ಷಗಳ ಮೇಲೆ ಲಕ್ಷ್ಮೀಬಾಯಿ ಅಹಮದನಗರಕ್ಕೆ ಬಂದಾಗಲೂ ಮಡಿ-ಮೈಲಿಗೆ ಬಿಟ್ಟಿರಲಿಲ್ಲ. ಗಂಡನ ಊರಿನಲ್ಲೇ ಇದ್ದರೂ ಅವರ ಅಡಿಗೆ ಬೇರೆ, ನೀರು ಬೇರೆ. ಅದಕ್ಕೂ ಟಿಳಕರು ಅನುಕೂಲ ಮಾಡಿಕೊಟ್ಟರು. ಜಾತಿಯ ಎಣಿಕೆ ಲಕ್ಷ್ಮೀಬಾಯಿಯ ಮನಸ್ಸಿನಿಂದ ತಾನಾಗಿ ಕಳಚಿ, ತಾಯಿ-ಮಗ ದೀಕ್ಷೆ ಪಡೆದದ್ದು 1900ರಲ್ಲಿ. ಅಂದರೆ ಐದು ವರ್ಷ! ಐದು ನಿಮಿಷ ತಡೆದುಕೊಳ್ಳಲಾರದ ಮನುಷ್ಯ ಐದು ವರ್ಷ ತಡೆದುಕೊಂಡ.

ಹಾಗಾದರೆ ಸಿಟ್ಟು ಹೋಯಿತೇ? ಇಲ್ಲ. ನನಗೆ ಈ ಪುಸ್ತಕ ಹಿಡಿಸಿದ್ದು ಇದೇ ಕಾರಣಕ್ಕೆ. ಧಾರ್ಮಿಕ ಪುಸ್ತಕಗಳಲ್ಲಿ ಸಾಮಾನ್ಯವಾಗಿ ದೀಕ್ಷೆಯಾದ ದಿನವೇ ಮನುಷ್ಯ ದೇವಮಾನವನಾಗಿಬಿಡುತ್ತಾನೆ. ಲಕ್ಷ್ಮೀಬಾಯಿ ಹಾಗೆ ಬರೆಯಲಿಲ್ಲ. ದೀಕ್ಷೆಯ ನಂತರವೂ ಟಿಳಕರು ಭುಗಿಲೆನ್ನುತ್ತಿದ್ದರು. ಮರುಕ್ಷಣ ಆರುತ್ತಿದ್ದರು, ತಪ್ಪಾಯಿತೆಂದು ನೊಂದುಕೊಳ್ಳುತ್ತಿದ್ದರು. ಮನೆಯ ತುಂಬ ಅನಾಥ ಮಕ್ಕಳು, ಊರಿಲ್ಲದವರು, ಕವಿಗಳು. ಮರಾಠಿಯ ಪ್ರಸಿದ್ಧ ಕವಿ ಬಾಲಕವಿ ಠೋಂಬರೆ ಕೂಡ ಅಹಮದನಗರದ ಆ ಮನೆಯಲ್ಲಿ ಇದ್ದವರು. ಇಷ್ಟು ಜನರ ನಡುವೆ ಸಿಟ್ಟಿಗೆ ಕಾರಣ ಹುಡುಕಬೇಕಾಗಿರಲಿಲ್ಲ. ಇದನ್ನೆಲ್ಲ ಲಕ್ಷ್ಮೀಬಾಯಿ ಅಳುತ್ತ ಬರೆದಿಲ್ಲ, ನಗುತ್ತ ಬರೆದಿದ್ದಾರೆ.

ಕ್ರೈಸ್ತರ ಹಳೆಯ ಇತಿಹಾಸದಲ್ಲಿ ಒಂದು ಕಥೆ ಇದೆ. ನಾಲ್ಕನೆಯ ಶತಮಾನದ ಸುಮಾರಿಗೆ ಈಜಿಪ್ತಿನ ಮರುಭೂಮಿಯಲ್ಲಿ ಅನೇಕ ಸನ್ಯಾಸಿಗಳು ಇದ್ದರು. ಅವರಲ್ಲೊಬ್ಬನಿಗೆ ಮಠದಲ್ಲಿ ಪದೇ ಪದೇ ಸಿಟ್ಟು ಬರುತ್ತಿತ್ತಂತೆ. ಜನರ ಸಹವಾಸವೇ ಬೇಡ, ಒಬ್ಬನೇ ಇದ್ದರೆ ಸಿಟ್ಟು ಬರುವುದಿಲ್ಲ ಎಂದು ಹೊರಟುಹೋದ. ಒಂದು ದಿನ ತುಂಬಿಟ್ಟ ನೀರಿನ ಕೊಡ ಉರುಳಿತು. ಮತ್ತೆ ತುಂಬಿಟ್ಟ, ಮತ್ತೆ ಉರುಳಿತು. ಮೂರನೆಯ ಸಲ ಸಿಟ್ಟಿನಿಂದ ಕೊಡವನ್ನೇ ಒಡೆದು ಹಾಕಿದ! ಆಮೇಲೆ ಬುದ್ಧಿ ಬಂದು ಮಠಕ್ಕೆ ತಿರುಗಿ ಬಂದನಂತೆ. ಅದೇ ಕಾಲದ ಇವಾಗ್ರಿಯುಸ್ ಎಂಬ ಸನ್ಯಾಸಿ ಮನಸ್ಸನ್ನು ಕೆಡಿಸುವ ಎಂಟು ವಿಚಾರಗಳ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಕೋಪಕ್ಕೂ ಒಂದು ಜಾಗವಿದೆ.

ಪದೇ ಪದೇ ಮನೆ ಬಿಟ್ಟು ಓಡುತ್ತಿದ್ದ ಟಿಳಕರ ಕಥೆ ಓದುವಾಗ ನನಗೆ ಆ ಕೊಡದ ನೆನಪಾಗುತ್ತದೆ. ಓಡಿಹೋದಲ್ಲೆಲ್ಲ ಸಿಟ್ಟೂ ಜೊತೆಗೇ ಹೋಯಿತು. ಅದು ಸ್ವಲ್ಪವಾದರೂ ಹದಕ್ಕೆ ಬಂದದ್ದು ಹೆಂಡತಿಯ ಎದುರಿಗೆ, ಅಡಿಗೆ ಮನೆಯ ಬಾಗಿಲಲ್ಲಿ.

ಕನ್ನಡ ಮೇಷ್ಟ್ರಾಗಿ ಒಂದು ಶಬ್ದದ ಬಗ್ಗೆ ಹೇಳದಿದ್ದರೆ ಸಮಾಧಾನವಾಗದು. ಗಲಾತ್ಯದವರಿಗೆ ಪೌಲನು ಬರೆದ ಪತ್ರಿಕೆಯಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿ ಇದೆ. ಅದರ ಕೊನೆಯಲ್ಲಿ ಗ್ರೀಕ್ ಭಾಷೆಯ ಒಂದು ಶಬ್ದ ಬರುತ್ತದೆ, ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಎಂದು ಅದರ ಅರ್ಥ. ಕನ್ನಡ ಬೈಬಲ್ಲಿನ ಅನುವಾದಕರು ಅದಕ್ಕೆ ಹಾಕಿದ ಶಬ್ದ 'ಶಮೆದಮೆ'. ಶಮ, ದಮ ಎಂಬುವು ನಮ್ಮ ವೇದಾಂತಿಗಳ ಮಾತುಗಳು. ಅದೇ ಪಟ್ಟಿಯಲ್ಲಿ 'ದೀರ್ಘಶಾಂತಿ' ಎಂಬ ಇನ್ನೊಂದು ಚಂದದ ಶಬ್ದವೂ ಇದೆ. ಶಾಂತಿ ಎಲ್ಲರಿಗೂ ಒಂದು ಗಳಿಗೆ ಇರುತ್ತದೆ. ಅದು ದೀರ್ಘವಾಗಬೇಕು, ಕಷ್ಟ ಇರುವುದು ಅಲ್ಲೇ. ಇದೇ ಪೌಲನು ಎಫೆಸದವರಿಗೆ ಬರೆಯುವಾಗ, ಹೊತ್ತು ಮುಳುಗುವುದರೊಳಗೆ ಸಿಟ್ಟು ಮುಗಿಯಬೇಕು ಎಂಬರ್ಥದಲ್ಲಿ ಹೇಳಿದ್ದಾನೆ. ಅಂದರೆ ಸಿಟ್ಟೇ ಬರಬಾರದು ಎನ್ನಲಿಲ್ಲ, ಅದಕ್ಕೊಂದು ಗಡುವು ಹಾಕಿದ.

ಒಂದು ವರ್ಷ ಕಬ್ಬಿನ ಸುಗ್ಗಿಯಲ್ಲಿ, ನಾಲ್ಕು ದಿನ ಶಾಲೆಗೆ ಬಾರದ ಹುಡುಗನೊಬ್ಬನ ವಹಿಯನ್ನು ನಾನು ಸಿಟ್ಟಿನಿಂದ ಹೊರಗೆ ಎಸೆದಿದ್ದೆ. ತಾಯಿಗೆ ಜ್ವರವಿತ್ತು, ಚಿಕ್ಕ ತಂಗಿಯನ್ನು ಅವನೇ ನೋಡಿಕೊಳ್ಳುತ್ತಿದ್ದ ಎಂದು ಆಮೇಲೆ ತಿಳಿಯಿತು. ಸಂಜೆ ಅವನ ಮನೆಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಮಾಸ್ತರನೆಂಬ ಬಿಂಕ ಅಡ್ಡ ಬಂತು. ಮರುದಿನ ಅವನೇ ಬಂದು "ಗುರುಗಳೇ, ತಪ್ಪಾಯ್ತ್ರಿ" ಎಂದ. ಅಂದಿನ ಹೊತ್ತು ಹಾಗೇ ಮುಳುಗಿ ಹೋಗಿತ್ತು.

ಟಿಳಕರು 1904ರಲ್ಲಿ ಪಾದ್ರಿಯಾದರು. 1912ರಿಂದ 'ಜ್ಞಾನೋದಯ' ಪತ್ರಿಕೆಯ ಮರಾಠಿ ವಿಭಾಗ ನೋಡಿಕೊಂಡರು. 1917ರಲ್ಲಿ ಮಿಶನ್ನಿನ ನೌಕರಿ ಬಿಟ್ಟು ಸಾತಾರದಲ್ಲಿ 'ದೇವಾಚಾ ದರಬಾರ' ಎಂಬ ಬಳಗ ಕಟ್ಟಿದರು. ದೀಕ್ಷೆ ಪಡೆದವರಿಗೂ ಪಡೆಯದವರಿಗೂ ಅಲ್ಲಿ ಒಟ್ಟಿಗೆ ಕೂಡಲು ಜಾಗವಿತ್ತು. 1919ರ ಮೇ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಯೇಸುವಿನ ಜೀವನ ಕುರಿತು ಅವರು ಆರಂಭಿಸಿದ್ದ 'ಖ್ರಿಸ್ತಾಯನ' ಮಹಾಕಾವ್ಯ ಆರಂಭದ ಕೆಲವು ಅಧ್ಯಾಯಗಳಲ್ಲೇ ನಿಂತಿತ್ತು. ಶಾಲೆಯ ಮೆಟ್ಟಿಲು ಹತ್ತದ ಲಕ್ಷ್ಮೀಬಾಯಿ ಅದಕ್ಕೆ 64 ಅಧ್ಯಾಯ ಸೇರಿಸಿ ಮುಗಿಸಿದರು. ಅವರೂ 1936ರಲ್ಲಿ ಕಣ್ಣು ಮುಚ್ಚಿದರು. ಆತ್ಮಕಥೆಯ ಕೊನೆಯ ಭಾಗ ಬರೆದು ಪೂರ್ತಿ ಮಾಡಿದವರು ಮಗ ದತ್ತು, ಪಂಢರಪುರದಲ್ಲಿ ತಾಯಿಯ ಸೆರಗು ಹಿಡಿದಿದ್ದ ಅದೇ ಕೂಸು.