ಮೈಸೂರಿಗೆ ಸಮುದ್ರವೆಲ್ಲಿದೆ?



೧೯೯೯ರ ಜೂನ್ ತಿಂಗಳು. ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದಿತ್ತು. ‘ಐಎನ್‌ಎಸ್ ಮೈಸೂರು’ ಎಂಬ ವಿಧ್ವಂಸಕ ನೌಕೆಯು ಜೂನ್ ೨ರಂದು ನೌಕಾಪಡೆಯನ್ನು ಸೇರಿದ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮೈಸೂರಿಗೆ ಸಮುದ್ರ ಎಲ್ಲಿದೆ ಸಾರ್?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. “ಹೆಸರಿಗೇನು, ಯಾವುದಾದರೂ ಇಡುತ್ತಾರೆ, ಕೂತ್ಕೊ” ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ಅವನು ತಲೆ ತಗ್ಗಿಸಿದ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಪ್ರಶ್ನೆ ಅರ್ಥಪೂರ್ಣವಾಗಿಯೇ ಇತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮಂಗಳೂರು ಮೈಸೂರಿನ ಬಂದರಾಗಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕರಾವಳಿಯು ಬ್ರಿಟಿಷರ ವಶವಾಯಿತು. ಮುಂದೆ ಒಂದೂವರೆ ಶತಮಾನ ಮೈಸೂರಿಗೆ ಕಡಲಿರಲಿಲ್ಲ. ನಮ್ಮ ಚಾರ್ಮಾಡಿ ಘಾಟಿ ಇಳಿದರೆ ಸಿಗುತ್ತಿದ್ದುದು ಮದರಾಸು ಆಡಳಿತದ ಸೀಮೆ.

ಈ ಹೆಸರಿನ ಮೊದಲ ಸಮರನೌಕೆ ಒಂದು ಕ್ರೂಸರ್. ೧೯೩೯ರಲ್ಲಿ ಬ್ರಿಟನ್ನಿನಲ್ಲಿ ನೀರಿಗಿಳಿದ ಅದರ ಆಗಿನ ಹೆಸರು ‘ನೈಜೀರಿಯಾ’. ೧೯೪೨ರ ಆಗಸ್ಟಿನಲ್ಲಿ, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿದ್ದಾಗ, ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿಯೂ ಮುಳುಗದೆ ಜಿಬ್ರಾಲ್ಟರಿಗೆ ಮರಳಿತು. ೧೯೫೪ರಲ್ಲಿ ಭಾರತ ಅದನ್ನು ಕೊಂಡಾಗ ಮೈಸೂರಿಗೆ ಕರಾವಳಿಯಿರಲಿಲ್ಲ. ೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡಗಳು ಮೈಸೂರು ರಾಜ್ಯವನ್ನು ಕೂಡಿದವು. ೧೯೫೭ರ ಆಗಸ್ಟ್ ೨೯ರಂದು ಹಡಗು ನಮ್ಮ ನೌಕಾಪಡೆಗೆ ಸೇರಿತು. ಅಷ್ಟರಲ್ಲಿ ಮೈಸೂರಿಗೆ ಕಡಲು ಮರಳಿ ಬಂದಿತ್ತು! ೧೯೭೧ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ನೌಕೆಯಾಗಿದ್ದು, ೧೯೮೫ರಲ್ಲಿ ಅದು ನಿವೃತ್ತಿ ಹೊಂದಿತು.

ಎರಡನೆಯ ‘ಮೈಸೂರು’ ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣವಾಯಿತು. ವಿಧ್ವಂಸಕ ನೌಕೆಗಳು ಹುಟ್ಟಿದ್ದು ಟಾರ್ಪೆಡೊ ದೋಣಿಗಳನ್ನು ಅಟ್ಟಿ ನಾಶಮಾಡಲೆಂದು. ೧೯೦೪ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ರಷ್ಯದ ನೌಕಾಪಡೆಯ ಮೇಲೆ ರಾತ್ರಿ ಎರಗಿದ ಜಪಾನಿನ ವಿಧ್ವಂಸಕಗಳು ನಾಲ್ಕುನೂರು ಟನ್ನುಗಳ ಒಳಗಿನವು. ನಮ್ಮದಾದರೋ ಆರು ಸಾವಿರ ಟನ್ನಿಗೂ ಮಿಕ್ಕಿದ್ದು. ಉದ್ದ ೧೬೩ ಮೀಟರು. ನಾಲ್ಕು ಅನಿಲ ಟರ್ಬೈನುಗಳು, ಹಡಗುನಾಶಕ ಕ್ಷಿಪಣಿಗಳು, ಎರಡು ಹೆಲಿಕಾಪ್ಟರುಗಳಿಗೆ ನೆಲೆ ಅದರಲ್ಲಿವೆ. ಲಾಂಛನ ಮೈಸೂರಿನ ಗಂಡಭೇರುಂಡ. ೨೦೦೮ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯದ ಸರಕು ಹಡಗೊಂದನ್ನು ರಕ್ಷಿಸಿ, ೨೩ ಕಡಲ್ಗಳ್ಳರನ್ನು ಸೆರೆಹಿಡಿಯಿತು. ೨೦೧೧ರಲ್ಲಿ ಲಿಬಿಯದಿಂದ ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೂ ತೆರಳಿತ್ತು.

ಇನ್ನೊಂದು ಮಾತು. ನಮ್ಮ ನೌಕಾಪಡೆಯ ಮತ್ತೊಂದು ಕ್ರೂಸರಿನ ಹೆಸರು ‘ದೆಹಲಿ’. ದೆಹಲಿಗೂ ಸಮುದ್ರವಿಲ್ಲ. ಕಡಲನ್ನು ಕಾಯುವ ಹೊಣೆ ಕರಾವಳಿಯವರದು ಮಾತ್ರವಲ್ಲ, ಘಟ್ಟದ ಮೇಲಿನವರದೂ ಹೌದು. ಹೆಸರಿನ ಅರ್ಥವನ್ನು ನಾನು ಹೀಗೆ ತಿಳಿಯುತ್ತೇನೆ.

೧೯೭೩ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು; ಹಡಗು ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಹಿಂದಿನ ಬೆಂಚಿನ ಮಗು, ನೀನು ಎಲ್ಲಿದ್ದರೂ ಇದನ್ನು ಓದಿದರೆ, ಅಂದು ತಪ್ಪಿದವನು ನಾನು ಎಂದು ತಿಳಿ. ನಿನ್ನ ಪ್ರಶ್ನೆ ನನ್ನನ್ನು ಇಷ್ಟು ಓದಿಸಿತು.