ಪ್ರಿನ್ಸ್ ಎಡ್ವರ್ಡ್ ದ್ವೀಪದ ಭೂ ವಿವಾದ

ಕೆನಡಾದ ಪೂರ್ವ ಕರಾವಳಿಯ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಗೇಣಿ ಒಕ್ಕಲುಗಳಿಗೂ ಭೂಮಾಲೀಕರಿಗೂ ನಡುವೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ವ್ಯಾಜ್ಯ. ಮಾಲೀಕರಲ್ಲಿ ಬಹುಪಾಲು ಜನ ಬ್ರಿಟನ್ನಿನಲ್ಲೇ ಇದ್ದು ಏಜೆಂಟರ ಮೂಲಕ ಗೇಣಿ ಎತ್ತಿಸುತ್ತಿದ್ದರು. 1767ರಲ್ಲಿ ಲಂಡನ್ನಿನಲ್ಲಿ ನಡೆದ ಭೂಮಿ ಹಂಚಿಕೆಯಿಂದ ಹುಟ್ಟಿದ ಈ ವ್ಯಾಜ್ಯ, 1875ರ ಭೂ ಖರೀದಿ ಕಾಯಿದೆಯಿಂದ ಬಗೆಹರಿಯುವ ಹಾದಿ ಹಿಡಿಯಿತು. ವಸಾಹತು ಸರ್ಕಾರಕ್ಕೆ ಸಲ್ಲಿಸಿದ ಮನವಿಗಳೇ ಬಹುಕಾಲ ಒಕ್ಕಲುಗಳ ಮುಖ್ಯ ಅಸ್ತ್ರವಾಗಿದ್ದವು.

ಹಂಚಿಕೆ

ಫ್ರೆಂಚರ ಅಧೀನದಲ್ಲಿದ್ದ ದ್ವೀಪ 1763ರ ಪ್ಯಾರಿಸ್ ಒಪ್ಪಂದದಿಂದ ಬ್ರಿಟನ್ನಿಗೆ ಸೇರಿತು. ಸ್ಯಾಮ್ಯುಯೆಲ್ ಹಾಲೆಂಡ್ ಅದನ್ನು ಮೋಜಣಿ ಮಾಡಿ, ಸುಮಾರು 20,000 ಎಕರೆಯ 67 ಪಾಲುಗಳಾಗಿ ವಿಂಗಡಿಸಿದ. 1767ರ ಜುಲೈಯಲ್ಲಿ ಬಹುತೇಕ ಎಲ್ಲ ಪಾಲುಗಳನ್ನೂ ಚೀಟಿ ಎತ್ತಿ ಸೇನಾಧಿಕಾರಿಗಳಿಗೆ, ವ್ಯಾಪಾರಿಗಳಿಗೆ, ಆಸ್ಥಾನದ ಪ್ರಭಾವಿಗಳಿಗೆ ಕೊಡಲಾಯಿತು. ಒಂದೇ ದಿನದಲ್ಲಿ ಹೆಚ್ಚುಕಡಿಮೆ ಇಡೀ ದ್ವೀಪ ಖಾಸಗಿಯವರ ಕೈಸೇರಿತು.

ಈ ದಾನಕ್ಕೆ ಷರತ್ತುಗಳಿದ್ದವು. ಪ್ರತಿ 100 ಎಕರೆಗೆ 2ರಿಂದ 6 ಶಿಲಿಂಗ್ ವಾರ್ಷಿಕ ಕಂದಾಯವನ್ನು ದೊರೆಗೆ ಕಟ್ಟಬೇಕು. ಹತ್ತು ವರ್ಷದೊಳಗೆ 200 ಎಕರೆಗೆ ಒಬ್ಬರಂತೆ ಜನರನ್ನು ತಂದು ನೆಲೆಗೊಳಿಸಬೇಕು. ತಪ್ಪಿದರೆ ಭೂಮಿಯನ್ನು ಸರ್ಕಾರ ಹಿಂಪಡೆಯಬಹುದು. ದ್ವೀಪಕ್ಕೆ ಪ್ರತ್ಯೇಕ ಆಡಳಿತ ಬೇಕು, ಅದರ ಖರ್ಚು ಕಂದಾಯದಿಂದಲೇ ನಡೆಯುವುದು ಎಂದು ಮಾಲೀಕರು 1768ರಲ್ಲಿ ಅರ್ಜಿ ಹಾಕಿದರು. ಮರುವರ್ಷವೇ ದ್ವೀಪ ಪ್ರತ್ಯೇಕ ವಸಾಹತಾಯಿತು. ಆದರೆ ಕಂದಾಯ ಬರಲಿಲ್ಲ, ಅಧಿಕಾರಿಗಳ ಸಂಬಳ ಬಾಕಿ ಬಿತ್ತು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟೇ ಅನುದಾನ ಕೊಡಬೇಕಾಯಿತು.

ಒಕ್ಕಲುಗಳ ಸ್ಥಿತಿ

ದ್ವೀಪಕ್ಕೆ ಬಂದ ವಲಸಿಗರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರು, ಐರಿಷರು ಹೆಚ್ಚು. 1803ರಲ್ಲಿ ಲಾರ್ಡ್ ಸೆಲ್ಕರ್ಕ್ ಮೂರು ಹಡಗುಗಳಲ್ಲಿ ಸುಮಾರು 800 ಜನರನ್ನು ಕರೆತಂದ. 1758ರಲ್ಲಿ ಬ್ರಿಟಿಷರು ನಡೆಸಿದ ಗಡಿಪಾರಿನಿಂದ ಹೇಗೋ ಉಳಿದುಕೊಂಡಿದ್ದ ಫ್ರೆಂಚ್ ಮೂಲದ ಅಕೇಡಿಯನ್ನರೂ ಇಂಗ್ಲಿಷ್ ಮಾಲೀಕರ ಗೇಣಿದಾರರಾದರು.

ಕಾಡು ಕಡಿದು, ಬುಡ ಸುಟ್ಟು, ಮೊಳಕೆ ಕಾಣುವಂತೆ ನೆಲ ಹಸನು ಮಾಡಿದವನು ಒಕ್ಕಲು. ಸಾಮಾನ್ಯ ಗೇಣಿ ಎಕರೆಗೆ ವರ್ಷಕ್ಕೆ ಒಂದು ಶಿಲಿಂಗ್. ಅಂದರೆ 100 ಎಕರೆಯ ಹಿಡುವಳಿಗೆ 5 ಪೌಂಡ್. ಮೊತ್ತ ಸಣ್ಣದೆಂದು ತೋರಿದರೂ ನಗದು ಕಾಣದ ನಾಡಿನಲ್ಲಿ ಅದನ್ನು ಹೊಂದಿಸುವುದು ಕಷ್ಟವಾಗಿತ್ತು. ಬೆಳೆ ಕೈಕೊಟ್ಟ ವರ್ಷದ ಬಾಕಿ ಮುಂದಿನ ವರ್ಷಕ್ಕೆ ಸೇರಿ ಬೆಳೆಯುತ್ತಿತ್ತು. ಆಗ ಏಜೆಂಟ್ ಜಪ್ತಿ ತರುತ್ತಿದ್ದ, ಇಲ್ಲವೇ ಒಕ್ಕಲೆಬ್ಬಿಸುತ್ತಿದ್ದ. ಗೇಣಿ ಪತ್ರಗಳ ಅವಧಿ ಕೆಲವೆಡೆ 999 ವರ್ಷ, ಕೆಲವೆಡೆ ಅದಕ್ಕಿಂತ ಬಹಳ ಕಡಿಮೆ. ಅವಧಿ ಮುಗಿದರೆ ಹಸನಾದ ಹೊಲ, ಕಟ್ಟಿದ ಮನೆ ಎಲ್ಲವೂ ಮಾಲೀಕನ ಪಾಲು.

ಮುಟ್ಟುಗೋಲಿನ ಬೇಡಿಕೆ

ಒಕ್ಕಲುಗಳ ವಾದ ಸರಳವಾಗಿತ್ತು: ಮಾಲೀಕರು ಷರತ್ತು ಮುರಿದಿದ್ದಾರೆ, ಆದ್ದರಿಂದ ಭೂಮಿ ಅವರದಲ್ಲ, ಸರ್ಕಾರ ಅದನ್ನು ಮುಟ್ಟುಗೋಲು ಹಾಕಿ ಉಳುವವರಿಗೆ ಕೊಡಲಿ. 1797ರಲ್ಲಿ ದ್ವೀಪದ ಶಾಸನಸಭೆಯೇ ಈ ಬಗ್ಗೆ ಲಂಡನ್ನಿಗೆ ಮನವಿ ಕಳಿಸಿತು. 23 ಪಾಲುಗಳಲ್ಲಿ ಒಬ್ಬ ವಲಸಿಗನೂ ಇಲ್ಲವೆಂದು ಅದು ಲೆಕ್ಕ ಕೊಟ್ಟಿತ್ತು. 1818ರಲ್ಲಿ ಗವರ್ನರ್ ಚಾರ್ಲ್ಸ್ ಡಗ್ಲಸ್ ಸ್ಮಿತ್ 15 ಮತ್ತು 55ನೆಯ ಪಾಲುಗಳನ್ನು ಹಿಂಪಡೆದದ್ದುಂಟು. ಆದರೆ ಮಾಲೀಕರ ದನಿಗೆ ಲಂಡನ್ನಿನಲ್ಲಿ ಬೆಲೆಯಿದ್ದುದರಿಂದ ಆ ಕ್ರಮ ಮುಂದುವರಿಯಲಿಲ್ಲ.

1830ರ ದಶಕದಲ್ಲಿ ಬೇಡಿಕೆ ಚಳವಳಿಯ ರೂಪ ತಾಳಿತು. ಅದರ ನಾಯಕ ವಿಲಿಯಂ ಕೂಪರ್ ಹಿಂದೆ ಭೂಮಾಲೀಕನೊಬ್ಬನ ಏಜೆಂಟನಾಗಿದ್ದವನು. ಹೀಗಾಗಿ ಗೇಣಿಯ ಒಳಹೊರಗೆಲ್ಲ ಬಲ್ಲವನು. 1836ರ ಡಿಸೆಂಬರಿನಲ್ಲಿ ಹೇ ರಿವರ್ ಎಂಬಲ್ಲಿ ನಡೆದ ಸಭೆ ದೊರೆಗೆ ಮನವಿ ಸಲ್ಲಿಸಲು, ಗೇಣಿ ತಡೆಹಿಡಿಯಲು ತೀರ್ಮಾನಿಸಿತು. ಇದಕ್ಕಾಗಿ ಕ್ಷಮೆ ಕೇಳಲು ಒಪ್ಪದ, ಶಾಸನಸಭೆಯ ಸದಸ್ಯನೂ ಆಗಿದ್ದ ಕೂಪರ್ ಮತ್ತು ಇಬ್ಬರು ಸಹಸದಸ್ಯರನ್ನು ಸಭೆ ಬಂಧನದಲ್ಲಿಟ್ಟಿತು. ಇದರಿಂದ ಅವರ ಜನಪ್ರಿಯತೆ ಹೆಚ್ಚಿತಷ್ಟೆ. 1838ರ ಚುನಾವಣೆಯಲ್ಲಿ ಅವರ ಪಕ್ಷ 24 ಸ್ಥಾನಗಳಲ್ಲಿ 18ನ್ನು ಗೆದ್ದಿತು, ಕೂಪರ್ ಸಭಾಧ್ಯಕ್ಷನಾದ. ಮರುವರ್ಷ ಆತ ಅಹವಾಲು ಹೊತ್ತು ಲಂಡನ್ನಿಗೆ ಹೋದಾಗ ವಸಾಹತು ಸಚಿವ ಲಾರ್ಡ್ ಜಾನ್ ರಸೆಲ್ ಭೇಟಿಗೇ ಅವಕಾಶ ಕೊಡಲಿಲ್ಲ. 1842ರಲ್ಲಿ ಪಕ್ಷ ಸೋತಿತು.

ಆಯೋಗ ಮತ್ತು ಗೇಣಿದಾರರ ಸಂಘ

1853ರ ಕಾಯಿದೆ, ಮಾಲೀಕರು ಮಾರಲೊಪ್ಪಿದ ಜಮೀನನ್ನು ಕೊಳ್ಳುವ ಅಧಿಕಾರವನ್ನು ದ್ವೀಪದ ಸರ್ಕಾರಕ್ಕೆ ಕೊಟ್ಟಿತು. ಒಪ್ಪಿದವರು ಕೆಲವರೇ. 1860ರಲ್ಲಿ ನೇಮಕವಾದ ಭೂ ಆಯೋಗದ ಮುಂದೆ ಒಕ್ಕಲುಗಳು ಬಂದು ಸಾಕ್ಷ್ಯ ನುಡಿದರು. ರಾಜಕಾರಣಿ ಜೋಸೆಫ್ ಹೋವ್ ಸೇರಿದಂತೆ ಮೂವರು ಸದಸ್ಯರ ಈ ಆಯೋಗ, ಬ್ರಿಟನ್ 1,00,000 ಪೌಂಡ್ ಸಾಲಕ್ಕೆ ಜಾಮೀನು ನಿಂತು ಭೂಮಿ ಕೊಳ್ಳಲು ನೆರವಾಗಬೇಕೆಂದಿತು. ಮಾಲೀಕರು ವಿರೋಧಿಸಿದರು, ಲಂಡನ್ ವರದಿಯನ್ನು ಕೈಬಿಟ್ಟಿತು.

ಮನವಿಗಳ ಮೇಲಿನ ನಂಬಿಕೆ ಕಳೆದುಕೊಂಡವರು 1864ರಲ್ಲಿ ಗೇಣಿದಾರರ ಸಂಘ ಕಟ್ಟಿದರು. ನ್ಯಾಯವಾದ ಬೆಲೆಗೆ ಭೂಮಿ ಕೊಡುವ ತನಕ ಗೇಣಿ ಕೊಡುವುದಿಲ್ಲವೆಂದು ಸದಸ್ಯರು ಪ್ರತಿಜ್ಞೆ ಮಾಡಿದರು. ಜಪ್ತಿಯವರು ಬರುವುದು ಕಂಡರೆ ತಗಡಿನ ತುತ್ತೂರಿ ಊದುತ್ತಿದ್ದರು. ಆ ಸದ್ದಿಗೆ ಸುತ್ತಲಿನ ಹೊಲಗಳವರು ಓಡಿಬಂದು ದಾರಿಗೆ ಅಡ್ಡ ನಿಲ್ಲುತ್ತಿದ್ದರು. 1865ರ ಮಾರ್ಚ್ 17ರಂದು ರಾಜಧಾನಿ ಷಾರ್ಲಟ್‌ಟೌನಿನಲ್ಲಿ ಸಂಘದ ಮೆರವಣಿಗೆ ನಡೆದಾಗ, ಸ್ಯಾಮ್ಯುಯೆಲ್ ಫ್ಲೆಚರ್ ಎಂಬ ಗೇಣಿದಾರನನ್ನು ಅಧಿಕಾರಿಗಳು ಹಿಡಿಯಲು ಹೋದರೆ ಜನ ಬಿಡಿಸಿಕೊಂಡರು. ಆಗಸ್ಟಿನಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ ಸೈನ್ಯ ಕರೆಸಲಾಯಿತು, ಸಂಘ ಚದುರಿತು. ಆದರೆ ಮಾಲೀಕರಿಗೂ ಗೇಣಿ ವಸೂಲಿ ದುಬಾರಿಯೆಂಬುದು ಮನದಟ್ಟಾಗಿತ್ತು. ಹಡಗು ಕಂಪನಿಯ ಸ್ಥಾಪಕ ಸ್ಯಾಮ್ಯುಯೆಲ್ ಕ್ಯುನಾರ್ಡನ ವಾರಸುದಾರರು 1866ರಲ್ಲಿ 2 ಲಕ್ಷಕ್ಕೂ ಹೆಚ್ಚು ಎಕರೆಯನ್ನು ಸರ್ಕಾರಕ್ಕೆ ಮಾರಿದರು.

ಮಿಕ್‌ಮಾಕ್ ಜನರ ಅಹವಾಲು

ದ್ವೀಪದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರಿಗೆ 1767ರ ಹಂಚಿಕೆಯಲ್ಲಿ ಒಂದು ಪಾಲನ್ನೂ ಇಟ್ಟಿರಲಿಲ್ಲ. 1830ರ ದಶಕದ ಆರಂಭದಲ್ಲಿ ಅವರ ಮುಖ್ಯಸ್ಥ ಲೂಯಿ ಫ್ರಾನ್ಸಿಸ್ ಆಲ್ಗಿಮೊ ಭೂಮಿ ಕೋರಿ ಶಾಸನಸಭೆಗೆ ಮನವಿ ಸಲ್ಲಿಸಿದ. 1870ರಲ್ಲಿ ಲೆನಾಕ್ಸ್ ದ್ವೀಪವನ್ನು ಅವರಿಗಾಗಿ ಕೊಂಡದ್ದು ಸರ್ಕಾರವಲ್ಲ, ಲಂಡನ್ನಿನ ಮೂಲನಿವಾಸಿ ರಕ್ಷಣಾ ಸಂಘ. ವಲಸಿಗರ ಭೂ ಹೋರಾಟದಲ್ಲಿ ಇವರ ಹಕ್ಕಿನ ಪ್ರಶ್ನೆಗೆ ಸ್ಥಾನವಿರಲಿಲ್ಲ.

ಪರಿಹಾರ

1873ರ ಜುಲೈ 1ರಂದು ದ್ವೀಪ ಕೆನಡಾ ಒಕ್ಕೂಟ ಸೇರಿದಾಗ, ಜಮೀನು ಕೊಳ್ಳಲು 8,00,000 ಡಾಲರ್ ಒದಗಿಸುವುದು ಒಪ್ಪಂದದ ಭಾಗವಾಗಿತ್ತು. 1875ರ ಕಾಯಿದೆ ದೊಡ್ಡ ಜಮೀನುಗಳ ಮಾರಾಟವನ್ನು ಕಡ್ಡಾಯಗೊಳಿಸಿತು. ಬೆಲೆ ನಿಗದಿ ಆಯುಕ್ತರ ಕೆಲಸವಾಯಿತು. ಷಾರ್ಲಟ್ ಸಲಿವನ್ ಎಂಬ ಭೂಮಾಲೀಕಳ ಪ್ರಕರಣದಲ್ಲಿ ದ್ವೀಪದ ನ್ಯಾಯಾಲಯ ಆಯುಕ್ತರ ತೀರ್ಪನ್ನು ರದ್ದುಮಾಡಿದರೂ, ಆಗತಾನೆ ಸ್ಥಾಪನೆಯಾಗಿದ್ದ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರ ಕೊಂಡ ಭೂಮಿಯನ್ನು ಒಕ್ಕಲುಗಳಿಗೆ ಮಾರಿತು. ಕೂಪರ್ ಕಾಲದ ಮನವಿಗಳು ಕೇಳಿದ್ದು ಮುಟ್ಟುಗೋಲು, ಕೊನೆಗೆ ಆದದ್ದು ಖರೀದಿ. ಒಕ್ಕಲುಗಳು ಭೂಮಿಯ ಒಡೆಯರಾದರು, ಆದರೆ ತಾವೇ ಹಸನು ಮಾಡಿದ ನೆಲಕ್ಕೆ ಬೆಲೆ ತೆತ್ತು.